ಕಟ್ಟು ಮತ್ತು ಕಾಳು

ಹೊಸಬಾಳೆಯಲ್ಲಿ ಕರುಣಾಳ ಒಲೆಯ ಮೇಲೆ ಹುರುಳಿ ಬೇಯದ ಬೆಳಗು ಬಲು ಅಪರೂಪ. ಕೋಳಿ ಕೂಗುವ ಹೊತ್ತಿಗೆ ಎದ್ದು, ನೆನೆಸಿಟ್ಟ ಕಾಳನ್ನು ದೊಡ್ಡ ಪಾತ್ರೆಗೆ ಸುರಿದು ಬೆಂಕಿ ಹಚ್ಚಿದಳೆಂದರೆ, ನೀರು ತುಂಬಿ ಅಂಗಳ ಗುಡಿಸಿ ಬರುವಷ್ಟರಲ್ಲಿ ಮನೆಯ ತುಂಬ ಆ ಹಸಿ ಮಣ್ಣಿನಂಥ ವಾಸನೆ ಹರಡಿರುತ್ತಿತ್ತು. ಬೆಂದ ಮೇಲೆ ಬಸಿಯುವುದು. ಬಸಿದ ಕಟ್ಟು ಕೆಂಪಗೆ, ಮಂದವಾಗಿ ಒಂದು ಕಡೆ. ಬಾಯಿಬಿಟ್ಟ ಮೆತ್ತನೆಯ ಕಾಳು ಇನ್ನೊಂದು ಕಡೆ. ಕಟ್ಟಿಗೆ ಹುಳಿ, ಖಾರ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದು ಅದು ಮನೆಮಂದಿಯ ಸಾರಾಗುತ್ತಿತ್ತು. ಕಾಳು ಬಕೆಟ್ಟಿಗೆ ಬಿದ್ದು ಪಕ್ಕದ ಮನೆಯ ಕೊಟ್ಟಿಗೆಗೆ ಹೋಗುತ್ತಿತ್ತು. ಹೋರಿಗೆ.

ಇದನ್ನು ಹೀಗೇ ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತವರಲ್ಲಿ ಅವ್ವ ಮಾಡುತ್ತಿದ್ದದ್ದು ಹೀಗೆ, ಇಲ್ಲಿ ಅತ್ತೆ ಮಾಡುತ್ತಿದ್ದದ್ದೂ ಹೀಗೆ. ನೆಲ್ಲನ್ನು ಕುಟ್ಟಿದರೆ ಅಕ್ಕಿ ಬೇರೆ ಹೊಟ್ಟು ಬೇರೆ ಆಗುವಂತೆ, ಹುರುಳಿ ಬೇಯಿಸಿದರೆ ಕಟ್ಟು ಮನುಷ್ಯರದು, ಕಾಳು ದನದ್ದು. ಅಷ್ಟೇ.

ಪಕ್ಕದ ಮನೆ ಎಂದರೆ ಬೇರೆಯವರದಲ್ಲ. ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದು. ಆಚೆ ಕಡೆ ಗಂಡನ ಅಣ್ಣ ಉಜ್ಜಪ್ಪ ಮತ್ತು ಅವನ ಹೆಂಡತಿ ರಾಜೇಶ್ವರಮ್ಮ. ಈಚೆ ಕಡೆ ಕರುಣಾ. ಅವಳ ಗಂಡ ನಾಗೇಶ್ ಒಂದು ಸಂಜೆ ಎದೆನೋವೆಂದು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಹೋರಿಯನ್ನು ಕರುವಾಗಿದ್ದಾಗ ತಂದವನು ಅವನೇ. ಅವನು ಹೋದ ಮೇಲೆ ಅದು ಅಣ್ಣನ ಕೊಟ್ಟಿಗೆ ಸೇರಿತು, ಬೆಳೆಯಿತು. ದೀಪಾವಳಿ ಮುಗಿದ ಮೇಲೆ ಊರೂರಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಕೊರಳಿಗೆ ಕೊಬ್ಬರಿ ಸರ ಕಟ್ಟಿಕೊಂಡು, ಹಿಡಿಯಲು ಬಂದವರ ಕೈಗೆ ಸಿಗದೆ ಹಾಯುವ ಹೋರಿಯಾಯಿತು. ಉಜ್ಜಪ್ಪ ಅದಕ್ಕೆ ಹತ್ತಿಕಾಳು, ಹಿಂಡಿ, ಕೊಬ್ಬರಿ ತಿನ್ನಿಸುತ್ತಿದ್ದ. ಮನೆಯೊಳಗೆ ಯಾರೂ ಮೊಟ್ಟೆ ಮುಟ್ಟುವವರಲ್ಲ. ಕೊಟ್ಟಿಗೆಯಲ್ಲಿ ಮಾತ್ರ ಉಜ್ಜಪ್ಪ ಅದನ್ನು ಬಿದಿರಿನ ಕೊಳವೆಯಂಥ ಗೊಟ್ಟದಲ್ಲಿ ಒಡೆದು ಹೋರಿಯ ಬಾಯಿಗೆ ಹುಯ್ಯುತ್ತಿದ್ದ. ಹುರುಳಿ ಮಾತ್ರ ಕರುಣಾಳ ಹೊಲದ್ದು, ಕರುಣಾಳ ಒಲೆಯದ್ದು. ರಾಜೇಶ್ವರಮ್ಮ ಬೆಳಿಗ್ಗೆ ಬಕೆಟ್ ಹಿಡಿದು ಹಿತ್ತಲ ಬಾಗಿಲಿಗೆ ಬರುವಳು, ಹೊಸ್ತಿಲ ಮೇಲೆ ಕೂತು ಊರ ಸುದ್ದಿಯೆಲ್ಲ ಹೇಳುವಳು, ಕಾಳು ತುಂಬಿಸಿಕೊಂಡು ಹೋಗುವಳು.

ಕರುಣಾಗೆ ಇರುವವಳು ಒಬ್ಬಳೇ ಮಗಳು, ಸ್ಪಂದನ. ಪೊಲೀಸ್ ಕೆಲಸದ ಬರವಣಿಗೆಯ ಪರೀಕ್ಷೆ ದಾಟಿ, ಈಗ ಶಿಕಾರಿಪುರದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡು ಮೈಯ ಪರೀಕ್ಷೆಗೆ ತಯಾರಾಗುತ್ತಿದ್ದಳು. ಓಟದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಜಿಗಿತವೂ ಸರಿ. ತೊಡಕಿದ್ದದ್ದು ಗುಂಡು ಎಸೆತದಲ್ಲಿ. ಕಬ್ಬಿಣದ ಆ ಗುಂಡು ಎಷ್ಟು ಎಸೆದರೂ ಸುಣ್ಣದ ಗೆರೆಯ ಈಚೆಗೇ ದೊಪ್ಪನೆ ಬೀಳುತ್ತಿತ್ತು. ಈ ಸಲ ಆಗದಿದ್ದರೆ ಮನೆಗೆ ಬಂದು, ದೊಡ್ಡಪ್ಪ ನೋಡಿಟ್ಟ ಗಂಡಿಗೆ ಹೂಂ ಅನ್ನುವುದೆಂದು ಮಾತಾಗಿತ್ತು. ಮಾತು ಕೊಟ್ಟವಳು ಸ್ಪಂದನಳೇ. ಕೊಡದೆ ಉಜ್ಜಪ್ಪ ಶಿಕಾರಿಪುರಕ್ಕೆ ಕಳಿಸಲು ಒಪ್ಪಿರಲಿಲ್ಲ.

ರೂಮಿನಲ್ಲಿ ಹುಡುಗಿಯರು ಅನ್ನ ಮಾಡಿಕೊಳ್ಳುತ್ತಿದ್ದರು. ಅದರ ಮೇಲಿನ ಸಾರು ಕರುಣಾ ಕಳಿಸುತ್ತಿದ್ದಳು. ಆ ಕಡೆಗೆ ಹೋಗುವ ಬೆಳಗಿನ ಪ್ರೈವೇಟ್ ಬಸ್ಸಿಗೆ ಸ್ಟೀಲ್ ಕ್ಯಾರಿಯರ್ ಕೊಟ್ಟರೆ ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಸ್ಪಂದನ ಇಳಿಸಿಕೊಳ್ಳುವಳು, ಸಂಜೆಯ ಟ್ರಿಪ್ಪಿಗೆ ಖಾಲಿ ಕ್ಯಾರಿಯರ್ ವಾಪಸ್. ಕಂಡಕ್ಟರ್ ತಿಪ್ಪೇಶನಿಗೆ ಈ ಕೆಲಸ ರೂಢಿಯಾಗಿ ಹೋಗಿತ್ತು.

"ಏನಕ್ಕಾ, ಇವತ್ತೂ ಹುರುಳಿ ಸಾರಾ? ಬಸ್ಸೆಲ್ಲ ಘಮ್ ಅಂತೈತೆ. ಡ್ರೈವರ್ ನಡುದಾರೀಲಿ ನಿಲ್ಸಿ ಉಣ್ಣಕ್ಕೆ ಕೂತಾನು ನೋಡು."

"ಚೆಲ್ಲಬೇಡ ಮಾರಾಯ. ಮೊನ್ನೆ ಅರ್ಧ ನಿನ್ನ ಬಸ್ಸೇ ಕುಡಿದಿತ್ತಂತೆ."

"ಅದುಕ್ಕೇ ಮೊನ್ನೆಯಿಂದ ಏರು ಹತ್ತೋವಾಗ ದಮ್ಮು ಬಂದೈತೆ ಬಿಡು!"

ಬಸ್ಸು ಹೋದ ಮೇಲೆ ಅವಳ ದಿನ ಶುರು. ಹೊಲ, ಬಂದು ಹೊಲಿಗೆ ಮಿಶಿನ್ನಿನ ಮುಂದೆ ಊರವರ ರವಿಕೆ, ಮತ್ತೆ ಹೊಲ. ಮೈ ದಣಿದರೂ ಹುಡುಗಿಗೆ ದಿನವೂ ಹುರುಳಿ ಹೋಗುತ್ತಿದೆ, ಕಸುವು ಕೂಡುತ್ತಿದೆ ಎಂಬ ಸಮಾಧಾನವೊಂದಿತ್ತು.

ಒಂದು ಸಂಜೆ ಸ್ಪಂದನ ಫೋನಿನಲ್ಲಿ ಅತ್ತಳು.

"ಕೈಯಲ್ಲಿ ಕಸುವೇ ಇಲ್ಲಮ್ಮ. ಭುಜ ಎಲ್ಲ ಬಿದ್ದೇ ಹೋದಂಗೆ ಆಗ್ತದೆ. ಜೊತೇಲಿರೋರೆಲ್ಲ ಗೆರೆ ದಾಟಿಸ್ತಾರೆ, ನಂದೊಂದೇ ಈಚೆಗೆ."

"ಸರಿಯಾಗಿ ಉಣ್ತೀಯೋ ಇಲ್ವೋ?"

"ನೀ ಕಳ್ಸಿದ್ದೆಲ್ಲ ಉಣ್ತೀನಿ. ಒಂದು ತೊಟ್ಟು ಬಿಡಲ್ಲ."

ಭಾನುವಾರ ಕರುಣಾ ತಾನೇ ಕ್ಯಾರಿಯರ್ ಹಿಡಿದು ಬಸ್ಸು ಹತ್ತಿದಳು.

ಊರಾಚೆಯ ಮೈದಾನದಲ್ಲಿ ಹುಡುಗಿಯರ ಒಂದು ಗುಂಪು. ಅವರಿಗೆ ಅಭ್ಯಾಸ ಮಾಡಿಸುವವರು ಸದಾಶಿವಪ್ಪ, ರಿಟೈರಾದ ಡ್ರಿಲ್ ಮೇಷ್ಟ್ರು, ಕೊರಳಲ್ಲಿ ಸೀಟಿ. ಸ್ಪಂದನ ಎಸೆಯುವುದನ್ನು ಕರುಣಾ ದೂರದಿಂದ ನೋಡಿದಳು. ಗುಂಡನ್ನು ಕತ್ತಿಗೆ ಒತ್ತಿ ಹಿಡಿದು ನಿಂತ ಮಗಳ ಮೊಣಕೈ, ಸಿಪ್ಪೆ ಸುಲಿದ ಕಬ್ಬಿನ ಗಿಣ್ಣಿನಂತೆ ಕಾಣುತ್ತಿತ್ತು. ಎಸೆದಳು. ಬಿತ್ತು. ಸೀಟಿ ಊದಿದ ಮೇಷ್ಟ್ರು ಕೈ ಅಲ್ಲಾಡಿಸಿದರು.

"ತಾಯಿಯವ್ರಾ? ಬರ್ರೀ ಬರ್ರೀ," ಎಂದರು ಇವಳನ್ನು ಕಂಡು. "ಹುಡುಗಿ ಹುರುಪು ಚೊಲೋ ಐತ್ರೀ. ಮೈಯಾಗೆ ಏನೂ ಇಲ್ಲ ನೋಡ್ರೀ. ಏನು ಉಣ್ಣಾಕೆ ಕೊಡ್ತೀರಿ?"

ಕರುಣಾಗೆ ಹೇಳಿಕೊಳ್ಳಲು ಹೆಮ್ಮೆಯೇ ಇತ್ತು. "ದಿನಾ ಹುರುಳಿ ರೀ ಸಾರ್. ಒಂದು ದಿನಾನೂ ತಪ್ಪಿಸಿಲ್ಲ."

"ಹುರುಳಿ ಒಳ್ಳೇದೇ ಆತು. ಪ್ರೋಟೀನ್ ಪ್ರೋಟೀನ್ ಅಂತ ಡಬ್ಬಿ ಪುಡಿ ಹಿಂದೆ ಓಡ್ತಾವೆ ಈಗಿನವು, ಮನ್ಯಾಗೇ ಇರ್ತೈತಿ ಅದು. ಎಷ್ಟು ತಿಂತಾಳೆ? ಒಂದು ಬಟ್ಟಲು ಕಾಳು ತಿಂತಾಳಾ?"

"ಕಾಳಾ?" ಎಂದಳು ಕರುಣಾ. "ಕಾಳು ಹೋರಿಗೆ ಸಾರ್. ಇವಳಿಗೆ ಸಾರು."

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಹತ್ತಿರ ನಿಂತಿದ್ದ ಕುಬಟೂರಿನ ಹುಡುಗಿ ಶಾಲಿನಿಗೆ ಆಯಿತು. ಅವಳ ಮನೆಯಲ್ಲೂ ಹೋರಿ ಇತ್ತು. ಬಾಯಿಗೆ ಕೈ ಅಡ್ಡ ಹಿಡಿದು, "ಹಂಗಾದ್ರೆ ಗುಂಡು ಎಸೆಯಕ್ಕೆ ಹೋರೀನೇ ಕಳಿಸಿ ಆಂಟಿ, ಆಚೆ ಊರಿಗೆ ಬೀಳ್ತದೆ," ಎಂದಳು.

ಹುಡುಗಿಯರೆಲ್ಲ ಕಿಲಕಿಲ ನಕ್ಕರು. ಮೇಷ್ಟ್ರೂ ನಕ್ಕರು. ಸ್ಪಂದನ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು, ಶಾಲಿನಿಯ ಹೆಗಲ ಮೇಲೆ ತಲೆ ಇಟ್ಟು. ಕರುಣಾಳೂ ನಗಲು ಹೋದಳು, ತುಟಿ ಮಾತ್ರ ಅಗಲವಾಯಿತು.

"ಬೇಜಾರಾಗಬ್ಯಾಡ್ರೀ," ಎಂದರು ಸದಾಶಿವಪ್ಪ. "ನಮ್ಮವ್ವನೂ ಅದನ್ನೇ ಮಾಡ್ತಿದ್ಲು. ಕಟ್ಟಿನಾಗೆ ರುಚಿ ಇರ್ತೈತಿ. ಕಸುವು ಬಹಳಷ್ಟು ಕಾಳಿನಾಗೇ ಕುಂತಿರ್ತೈತಿ. ಕಾಳು ಕೊಡ್ರಿ. ಶೇಂಗಾ, ಅಲಸಂದಿ, ಮೊಸರು, ಏನಿದೆಯೋ ಅದು. ಆದ್ರೆ ರುಚಿಯಾಗಿ ಮಾಡ್ರಿ. ಔಷಧಿ ಥರ ಕೊಟ್ರೆ ಈ ಹುಡುಗ್ಯಾರು ನಾಕು ದಿನ ತಿಂದು ಬಿಡ್ತಾವೆ."

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಯೋಚನೆ ಒಂದೇ. ತಾನಾದರೂ ಯಾವತ್ತು ಒಂದು ಬಟ್ಟಲು ಹುರುಳಿ ಕಾಳು ತಿಂದಿದ್ದೆ? ಬಸುರಿಯಾಗಿದ್ದಾಗ ಇಲ್ಲ, ಬಾಣಂತಿಯಾಗಿದ್ದಾಗ ಇಲ್ಲ. ಬಕೆಟ್ಟಿಗೆ ಹಾಕುವಾಗ ಬೆಂದಿದೆಯೋ ಎಂದು ಒಂದು ಕಾಳು ಹಿಸುಕಿ ನೋಡುತ್ತಿದ್ದಳು. ಹಿಸುಕಿದ್ದನ್ನೂ ಬಕೆಟ್ಟಿಗೇ ಹಾಕುತ್ತಿದ್ದಳು.

ಮೂಟೆಯ ಹುರುಳಿ ಆಗಲೇ ತಳ ಹಿಡಿದಿತ್ತು. ಹೊಸ ಬೆಳೆ ಕೈಗೆ ಬರಲು ಸಮಯವಿತ್ತು. ಹೋರಿಗೂ ಹುಡುಗಿಗೂ ಎರಡಕ್ಕೂ ಅದು ಸಾಲುವಂತಿರಲಿಲ್ಲ.

ಮರುದಿನ ರಾಜೇಶ್ವರಮ್ಮ ಎಂದಿನಂತೆ ಬಕೆಟ್ ಹಿಡಿದು ಬಂದು ಹೊಸ್ತಿಲ ಮೇಲೆ ಕೂತಳು.

"ಅಕ್ಕಾ, ಇವತ್ತಿಂದ ಕಾಳಿಲ್ಲ."

"ಬೆಂದಿಲ್ವನೇ ಇನ್ನೂ?"

"ಬೆಂದಿದೆ. ಹುಡುಗಿಗೆ ಬೇಕು."

ರಾಜೇಶ್ವರಮ್ಮ ಪಾತ್ರೆಯೊಳಗೆ ಇಣುಕಿದಳು. "ಇಷ್ಟೂ ಕಾಳನ್ನ ಹುಡುಗಿ ತಿಂತಾಳನೇ ಕರುಣಿ? ಹೊಟ್ಟೆ ಏನು ಕಾಳು ತುಂಬೋ ಹಗೇವೇ?"

"ಇರೋದು ಅಷ್ಟೇ ಅಕ್ಕಾ. ಪರೀಕ್ಷೆ ತನಕ ಎಳೀಬೇಕು."

ರಾಜೇಶ್ವರಮ್ಮ ಎದ್ದಳು. ಖಾಲಿ ಬಕೆಟ್ ಬಾಗಿಲ ಚೌಕಟ್ಟಿಗೆ ತಾಗಿ ಢಣ್ ಎಂದಿತು. ಸಂಜೆ ಉಜ್ಜಪ್ಪನೇ ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲಿ ನಿಂತೇ ಮಾತಾಡಿದ. ಕೆಟ್ಟವನಲ್ಲ ಅವನು. ತಮ್ಮ ಹೋದ ಮೇಲೆ ಇವಳ ಹೊಲವನ್ನು ಕೇಳದೆಯೇ ಉತ್ತು ಕೊಟ್ಟವನು.

"ಹಬ್ಬ ಹತ್ರ ಬಂತು ನೋಡವ್ವಾ. ಈಗ ಕಾಳು ನಿಲ್ಸಿದ್ರೆ ಹೋರಿ ಕಾಲು ಏಳುತ್ತೇನು?"

"ಈಗ ಕಾಳು ಕೊಡದೆ ಇದ್ರೆ ಹುಡುಗಿ ಕೈ ಏಳಲ್ಲ ಭಾವಾರೆ."

"ಹುಡುಗಿ ಕೊರಳಿಗೆ ಯಾರು ಕೊಬ್ಬರಿ ಕಟ್ಟಿ ಓಡಿಸ್ತಾರೆ? ಗಂಡು ಕಾಯ್ಕೊಂಡು ಕೂತಿದೆ, ಮರೀಬ್ಯಾಡ."

"ಕಾಯ್ಲಿ. ಗುಂಡು ಬೀಳೋ ತನಕ ಕಾಯ್ಲಿ."

ಉಜ್ಜಪ್ಪ ಅಂಗಳದಾಚೆಗೆ ತಿರುಗಿ, "ನಾಗೇಶ ಇದ್ದಿದ್ರೆ ಹೋರಿ ಹೊಟ್ಟೆ ಮೇಲೆ ಹೊಡೀತಿರ್ಲಿಲ್ಲ," ಎಂದು ಹೇಳಿ ಹೊರಟುಹೋದ.

ಆ ಮಾತು ಅವಳೊಳಗೆ ಮುಳ್ಳಿನಂತೆ ಉಳಿಯಿತು. ನಾಗೇಶ್ ಇದ್ದಿದ್ದರೆ ಏನನ್ನುತ್ತಿದ್ದನೋ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆ ಕರುವನ್ನು ತಂದ ದಿನ ಅವನು ಮಗಳನ್ನೂ ಕರುವನ್ನೂ ಒಟ್ಟಿಗೆ ತಬ್ಬಿಕೊಂಡಿದ್ದ.

ಅಂದಿನಿಂದ ಗೋಡೆಯಾಚೆಯ ಮಾತು ನಿಂತಿತು. ಜಗಳವೇನೂ ಇಲ್ಲ, ಬೈಗುಳವಿಲ್ಲ. ಎದುರಾದರೆ ರಾಜೇಶ್ವರಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡುವಳು. ಬಕೆಟ್ಟಿನ ನೆಪದಲ್ಲಿ ದಿನವೂ ಒಂದು ಜೀವ ತನ್ನ ಹೊಸ್ತಿಲಿಗೆ ಬಂದು ಕೂರುತ್ತಿತ್ತು ಎಂಬುದು ಕರುಣಾಗೆ ಅದು ತಪ್ಪಿದ ಮೇಲೆಯೇ ಗೊತ್ತಾದದ್ದು. ಬೆಳಿಗ್ಗೆ ಹುರುಳಿ ಬಸಿಯುವಾಗ ಅಭ್ಯಾಸಬಲದಿಂದ ಹಿತ್ತಲ ಬಾಗಿಲು ತೆರೆದಿಡುತ್ತಿದ್ದಳು. ಗಾಳಿ ಬಂದು ಒಲೆಯ ಹೊಗೆ ಮನೆಯೊಳಗೇ ಸುತ್ತುತ್ತಿತ್ತು.

ಕಾಳೇನೋ ಸಿಕ್ಕಿತು. ಆದರೆ ಅದನ್ನು ಹುಡುಗಿಯ ಗಂಟಲಿಗೆ ಇಳಿಸುವುದು ಇನ್ನೊಂದು ಪಾಡು. ಕಟ್ಟು ಬಿಟ್ಟುಕೊಟ್ಟ ಕಾಳಿಗೆ ರುಚಿಯೆಂಬುದಿಲ್ಲ, ಬಾಯಲ್ಲಿ ಹಿಟ್ಟು ಹಿಟ್ಟು. ಮೊದಲ ದಿನ ಬರೀ ಉಪ್ಪು, ಒಗ್ಗರಣೆ ಹಾಕಿ ಕಳಿಸಿದಳು. ಹೇಗಿತ್ತು ಎಂದು ಕೇಳಿದರೆ ಮಗಳು, "ಚೆನ್ನಾಗಿತ್ತಮ್ಮ," ಎಂದಳು. ಆ ದನಿಯಲ್ಲೇ ಚೆನ್ನಾಗಿರಲಿಲ್ಲವೆಂದು ಗೊತ್ತಾಗುತ್ತಿತ್ತು. ಕ್ಯಾರಿಯರ್ ನೋಡಿದರೆ ಪಳಪಳ ತೊಳೆದು ಬಂದಿತ್ತು. ತೊಳೆದ ಪಾತ್ರೆ ಏನು ಹೇಳೀತು?

"ಇನ್ಮೇಲೆ ಕ್ಯಾರಿಯರ್ ತೊಳೀಬೇಡ," ಎಂದಳು ಫೋನಿನಲ್ಲಿ.

"ಯಾಕಮ್ಮ? ನಾತ ಹೊಡೀತದೆ. ತಿಪ್ಪೇಶಣ್ಣ ಬೈತಾನೆ."

"ಬೈಲಿ. ಉಳಿದಿದ್ದನ್ನ ಎಸೀಲೂ ಬೇಡ, ಹಂಗೇ ಕಳಿಸು. ನಾ ನೋಡ್ತೀನಿ."

ಹಾಗೆ ಶುರುವಾಯಿತು. ಸಂಜೆ ಬಸ್ಸಿನಿಂದ ಇಳಿಸಿಕೊಂಡ ಕ್ಯಾರಿಯರನ್ನು ಕಟ್ಟೆಯ ಮೇಲಿಟ್ಟು, ಒಂದೊಂದೇ ಬಟ್ಟಲು ಬಿಚ್ಚಿ ನೋಡುವಳು. ಉಸುಲಿಯಲ್ಲಿ ಕಾಯಿತುರಿಯನ್ನು ಮಾತ್ರ ಹೆಕ್ಕಿ ತಿಂದು ಕಾಳು ಬಿಟ್ಟಿದ್ದಾಳೆ. ಸರಿ, ನಾಳೆ ಮೊಳಕೆ ಕಟ್ಟಿ ನೋಡಬೇಕು. ಮೊಳಕೆ ಕಾಳಿಗೆ ಈರುಳ್ಳಿ, ಹಸಿಮೆಣಸು, ನಿಂಬೆ ಹುಳಿ ಹಿಂಡಿ ಕಳಿಸಿದ ದಿನ ಅರ್ಧ ಖಾಲಿ. ಹುರುಳಿ ಹುರಿದು, ಬೆಳ್ಳುಳ್ಳಿ ಒಣಮೆಣಸಿನ ಜೊತೆ ಕುಟ್ಟಿದ ಚಟ್ನಿಪುಡಿ ಮತ್ತು ಗಟ್ಟಿ ಮೊಸರು ಇಟ್ಟ ದಿನ ಬಟ್ಟಲ ಅಂಚಿನಲ್ಲಿ ಬೆರಳಿನ ಗೆರೆಗಳಿದ್ದವು. ಬಳಿದು ತಿಂದಿದ್ದಾಳೆ! ಆ ಬಟ್ಟಲನ್ನು ಕರುಣಾ ತಕ್ಷಣ ತೊಳೆಯಲಿಲ್ಲ. ಶೇಂಗಾ ಬೆಲ್ಲದ ಉಂಡೆಗೆ ಹುರಿದ ಹುರುಳಿ ಹಿಟ್ಟು ಬೆರೆಸಿದ್ದು ಒಮ್ಮೆ ಹಾಗೇ ವಾಪಸ್ ಬಂತು, ಒಂದರಲ್ಲಿ ಹಲ್ಲಿನ ಗುರುತು ಮಾತ್ರ. ಹಿಟ್ಟು ಕಡಿಮೆ ಮಾಡಿ ತುಪ್ಪ ಹೆಚ್ಚು ಮಾಡಿದಳು, ಆಗ ಒಂದೂ ಉಳಿಯಲಿಲ್ಲ. ಬಾಯಿಬಿಟ್ಟು ಹೇಳದ ಮಗಳು ಪಾತ್ರೆಯ ತಳದಲ್ಲಿ ಎಲ್ಲವನ್ನೂ ಹೇಳುತ್ತಿದ್ದಳು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಇಷ್ಟು ಮಾತಾಡಿದ್ದೇ ಇಲ್ಲವೇನೋ.

ಕಟ್ಟು ಉಳಿಯುತ್ತಿತ್ತು. ಅದನ್ನು ಸಾರು ಮಾಡಿಕೊಂಡು ಕರುಣಾ ಒಬ್ಬಳೇ ಉಣ್ಣುತ್ತಿದ್ದಳು. ಮಧ್ಯಾಹ್ನವೂ ಅದೇ, ರಾತ್ರಿಯೂ ಅದೇ.

ಒಂದು ದಿನ ಧೈರ್ಯ ಮಾಡಿ ಕೇಳಿದಳು. "ಸ್ಪಂದು, ಮೊಟ್ಟೆ... ಮೇಷ್ಟ್ರು ಏನಾದ್ರೂ ಅಂದ್ರೇನು? ಬೇಕಾದ್ರೆ ಬಚ್ಚಲ ಒಲೇಲಿ ಬೇಯಿಸಿ ಕಳಿಸ್ತೀನಿ. ಇಲ್ಲಿ ಯಾರಿಗೂ ಗೊತ್ತಾಗಲ್ಲ."

"ಅಮ್ಮ, ನಾ ಇಲ್ಲಿ ತಿಂತಾ ಇದೀನಿ. ಶಾಲಿನಿ ಜೊತೆ. ಬಂದ ಹೊಸದರಿಂದ್ಲೂ, ಅಪರೂಪಕ್ಕೆ. ನಿಂಗೆ ಹೇಳಿರ್ಲಿಲ್ಲ."

"ಹೌದಾ? ಒಳ್ಳೇದಾಯ್ತು ಬಿಡು," ಎಂದಳು ಕರುಣಾ.

ಮೊಟ್ಟೆ ತಿಂದದ್ದಕ್ಕೆ ಅವಳಿಗೆ ಏನೂ ಅನ್ನಿಸಲಿಲ್ಲ. ಹೇಳದೆ ಇದ್ದದ್ದು ನೋಯಿಸಿತು. ಪಾತ್ರೆಯ ತಳ ನೋಡಿ ಮಗಳನ್ನು ಪೂರ್ತಿ ಓದಿಕೊಂಡೆ ಅಂದುಕೊಂಡಿದ್ದವಳಿಗೆ, ತನ್ನ ಕ್ಯಾರಿಯರಿನಲ್ಲಿ ಬರದ ಊಟವೂ ಅವಳಿಗಿದೆ, ತಾನು ಕಾಣದ ಜೊತೆಯೂ ಇದೆ ಎಂದು ಹೊಳೆಯಿತು. ಇರಬೇಕಾದದ್ದೇ. ಆದರೂ ಆ ದಿನ ಮಿಶಿನ್ನಿನ ಮುಂದೆ ಕೂತು ಒಂದು ರವಿಕೆಯ ತೋಳನ್ನು ತಿರುಗಾಮುರುಗಾ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು.

ದಿನ ಕಳೆದಂತೆ ಗುಂಡು ಗೆರೆಯ ಹತ್ತಿರ ಹತ್ತಿರ ಸರಿಯಿತು. "ಇವತ್ತು ಗೇಣು ದೂರ ಅಷ್ಟೇ" ಎಂದು ಸ್ಪಂದನ ಹೇಳಿದಳು. ಇನ್ನೊಂದು ಸಲ, "ಗೆರೆ ಮೇಲೇ ಬಿತ್ತು, ಸುಣ್ಣ ಹಾರ್ತು," ಎಂದಳು. ದಾಟಿತೆಂದು ಒಮ್ಮೆಯೂ ಹೇಳಲಿಲ್ಲ.

ಪರೀಕ್ಷೆ ಶಿವಮೊಗ್ಗದಲ್ಲಿ. ಹುಡುಗಿಯರೆಲ್ಲ ಮೇಷ್ಟ್ರ ಜೊತೆ ಹಿಂದಿನ ದಿನವೇ ಹೋದರು. ನಾನೂ ಬರಲೇ ಎಂದು ಕರುಣಾ ಕೇಳಿದ್ದಳು. "ಬೇಡಮ್ಮ, ನೀ ನಿಂತಿದ್ರೆ ನಂಗೆ ಕೈ ನಡುಗ್ತದೆ," ಎಂದಿದ್ದಳು ಮಗಳು. ಪರೀಕ್ಷೆಯ ದಿನವೇ ಕುಬಟೂರಿನಲ್ಲಿ ಹೋರಿ ಹಬ್ಬ. ಉಜ್ಜಪ್ಪ ಹೋರಿಯ ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಕಟ್ಟಿ ಟೆಂಪೋ ಹತ್ತಿಸಿದ. ರಾಜೇಶ್ವರಮ್ಮನೂ ಹೋದಳು, ಓಣಿಯ ಹೆಂಗಸರು ಮಕ್ಕಳೂ ಹೋದರು. ಕರುಣಾಳನ್ನು ಯಾರೂ ಕರೆಯಲಿಲ್ಲ.

ಬೆಳಿಗ್ಗೆ ಹುರುಳಿ ಬೇಯಿಸುವ ಕೆಲಸವಿರಲಿಲ್ಲ. ಹೊಲಕ್ಕೆ ಹೋದರೆ ಸಿಗ್ನಲ್ ಸಿಗುವುದಿಲ್ಲವೆಂದು ಅಂಗಳದಲ್ಲೇ ಕೂತಳು. ಫೋನನ್ನು ಮಡಿಲಲ್ಲಿಟ್ಟುಕೊಂಡು, ಗುಂಡು ಈಚೆಗೇ ಬಿದ್ದರೆ ಏನು ಎಂದು ಯೋಚಿಸಿದಳು. ಬಿದ್ದರೆ ಹುಡುಗಿ ಮನೆಗೆ ಬರುತ್ತಾಳೆ. ಗಂಡು ಎಲ್ಲಿಯವನು, ಆನವಟ್ಟಿಯವನು. ಕೂಗಿದರೆ ಕೇಳುವಷ್ಟು ಹತ್ತಿರ. ಹಾಗೆ ಅನ್ನಿಸಿದ್ದೇ ತಡ, ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಳ್ಳುವಷ್ಟು ನಾಚಿಕೆಯಾಯಿತು. ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು.

ಫೋನು ಬಂದಾಗ ಬಿಸಿಲು ನೆತ್ತಿಗೇರಿತ್ತು.

"ಅಮ್ಮಾ! ಮೂರನೇ ಸಲಕ್ಕೆ! ದಾಟ್ತು ಅಮ್ಮಾ, ಚೆನ್ನಾಗೇ ದಾಟ್ತು!" ಹಿಂದೆ ಹುಡುಗಿಯರ ಕೂಗಾಟ. "ಎಲ್ಲ ಪಾಸು. ಇಲ್ಲಿ ಏನೂ ಕೇಳಿಸ್ತಾ ಇಲ್ಲ, ಆಮೇಲೆ ಮಾಡ್ತೀನಿ. ಉಂಡ್ಯಾ?"

"ಉಂಡೆ," ಎಂದಳು ಕರುಣಾ, ಉಂಡಿರದಿದ್ದರೂ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಅಂಗಳದಲ್ಲಿ ನಿಂತವಳಿಗೆ ಇದನ್ನು ಈಗಿಂದೀಗ ಯಾರಿಗಾದರೂ ಹೇಳಬೇಕು ಅನ್ನಿಸಿತು. ಗೋಡೆಯಾಚೆ ಬೀಗ. ಎದುರು ಮನೆಗೂ ಬೀಗ. ಮೂಲೆ ಮನೆಯ ಸುಂಕಲಮ್ಮಜ್ಜಿ ಒಬ್ಬಳು ಜಗಲಿಯಲ್ಲಿದ್ದಳು. ಕಿವಿ ಮಂದ. "ಯಾರು ಬಿದ್ರು?" ಎಂದು ಗಾಬರಿಯಾದಳು. ಎರಡು ಸಲ ಕೂಗಿ ಹೇಳಿ, ಅಜ್ಜಿ ಅಯ್ಯೋ ಪಾಪ ಎನ್ನಲು ಶುರುಮಾಡಿದ ಮೇಲೆ ಕರುಣಾ ಬಿಟ್ಟಳು.

ಕಾಲು ತಾನಾಗಿ ಬಸ್ ಸ್ಟಾಪಿಗೆ ನಡೆಯಿತು. ಅಲ್ಲಿ ಇವತ್ತು ಕೊಡುವುದೂ ಇರಲಿಲ್ಲ, ಇಳಿಸಿಕೊಳ್ಳುವುದೂ ಇರಲಿಲ್ಲ. ತಿಪ್ಪೇಶನ ಬಸ್ಸಿನ ಮಧ್ಯಾಹ್ನದ ಟ್ರಿಪ್ಪು ಬಂತು. ಹತ್ತುವವರಿರಬೇಕೆಂದು ನಿಂತಿತು.

"ಏನಕ್ಕಾ, ಹಬ್ಬಕ್ಕೆ ಹೊಂಟ್ಯಾ?" ಎಂದ ತಿಪ್ಪೇಶ, ಬಾಗಿಲಲ್ಲಿ ಜೋತುಬಿದ್ದು.

"ಇಲ್ಲ ತಿಪ್ಪೇಶಣ್ಣ. ಸ್ಪಂದನ ಪಾಸಾದ್ಲು. ಗುಂಡು ದಾಟ್ತು."

"ಹೌದಾ!" ತಿಪ್ಪೇಶ ಬಸ್ಸಿನೊಳಗೆ ತಿರುಗಿ ಬಾಗಿಲ ತಗಡಿಗೆ ಬಡಿದು ಕೂಗಿದ. "ಏ, ಕೇಳ್ರಪ್ಪೋ! ನಮ್ಮ ಕರುಣಕ್ಕನ ಮಗಳು ಪೊಲೀಸಾದ್ಲು!"

ಯಾರೋ ಚಪ್ಪಾಳೆ ತಟ್ಟಿದರು. ಕಿಟಕಿಗಳಿಂದ ಮುಖಗಳು ಹೊರಗೆ ಬಂದವು. ಕಂಕುಳಲ್ಲಿ ಮಗುವಿದ್ದ ಹೆಂಗಸೊಬ್ಬಳು, "ಏನು ಹಾಕಿ ಬೆಳಸಿದ್ರಿ ಅಕ್ಕಾ?" ಎಂದು ಕೇಳಿದಳು. ಕರುಣಾ ಹೇಳಲು ಬಾಯಿ ತೆರೆದಳು. ಡ್ರೈವರ್ ಹಾರ್ನ್ ಹೊಡೆದ, ತಿಪ್ಪೇಶ ರೈಟ್ ಎಂದ, ಬಸ್ಸು ಹೊರಟಿತು. ಆ ಹೆಂಗಸು ಕಿಟಕಿಯಿಂದ ಕತ್ತು ಹೊರಳಿಸಿ ಇವಳನ್ನೇ ನೋಡುತ್ತಿದ್ದಳು.

ಧೂಳು ಕೂತಿತು. ಕರುಣಾ ಸ್ಟಾಪಿನ ಕಲ್ಲಿನ ಮೇಲೆ ಸೆರಗಿನಿಂದ ಜಾಗ ಒರೆಸಿಕೊಂಡಳು. ಇನ್ನೊಂದು ಬಸ್ಸು ಬರಲು ತುಂಬ ಹೊತ್ತಿತ್ತು, ಅದರ ಕಂಡಕ್ಟರನ ಪರಿಚಯವೂ ಅವಳಿಗಿರಲಿಲ್ಲ. ಆದರೂ ಕೂತಳು.